ವ್ಲಾಡಿವೋಸ್ಟಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ಬಂದರು ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸೇಂಟ್ ಪೀಟರ್ಸ್‌ಬರ್ಗ್. ಅದರ ಬಗ್ಗೆ ಓದಲು ಬೇಕಾದಷ್ಟಿದೆ. ಇಲ್ಲಿರುವುದು ಆ ದೇಶದ ಇನ್ನೊಂದು ತುದಿಯ ಊರಿನ ವಿಷಯ. ಪೇಪರಿನಲ್ಲಿ ಆಗಾಗ ಹೆಸರು ಬರುತ್ತದೆ, ಆದರೆ ಊರು ಹೇಗಿದೆ, ಯಾಕಿದೆ ಅಂತ ಗೊತ್ತಿರುವವರು ಕಡಿಮೆ. ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ತಾಳ್ಮೆ ಇರಲಿ.

ವ್ಲಾಡಿವೋಸ್ಟಾಕ್ ಎಲ್ಲಿದೆ? ರಷ್ಯಾ ಅಂದರೆ ಯುರೋಪ್ ಅಲ್ವಾ?

ರಷ್ಯಾದ ಮುಕ್ಕಾಲು ಭಾಗ ಇರುವುದೇ ಏಷ್ಯಾದಲ್ಲಿ. ವ್ಲಾಡಿವೋಸ್ಟಾಕ್ ಅದರ ಪೂರ್ವದ ಅಂಚಿನಲ್ಲಿದೆ, ಜಪಾನ್ ಸಮುದ್ರದ ದಡದಲ್ಲಿ. ಚೀನಾ ಮತ್ತು ಉತ್ತರ ಕೊರಿಯಾದ ಗಡಿಗಳು ಪಕ್ಕದಲ್ಲೇ ಇವೆ. ಟೋಕಿಯೊಗೆ ವಿಮಾನದ ದಾರಿ ಸುಮಾರು ಸಾವಿರ ಕಿಲೋಮೀಟರ್. ಮಾಸ್ಕೋಗೆ ಸುಮಾರು 6,400. ಇಷ್ಟು ಗೊತ್ತಾದರೆ ಊರಿನ ಸ್ವಭಾವ ಅರ್ಧ ಗೊತ್ತಾದಂತೆ. ಜನಸಂಖ್ಯೆ ಸುಮಾರು 6 ಲಕ್ಷ, ಅಂದರೆ ತೀರಾ ದೊಡ್ಡ ಊರೇನಲ್ಲ. ಆದರೂ ರಷ್ಯಾದ ಪೆಸಿಫಿಕ್ ನೌಕಾಪಡೆಯ ಮುಖ್ಯ ಕಚೇರಿ ಇಲ್ಲಿದೆ. 2018ರ ಡಿಸೆಂಬರ್‌ನಲ್ಲಿ ಇಡೀ ದೂರಪೂರ್ವ ಪ್ರಾಂತ್ಯದ ರಾಜಧಾನಿ ಪಟ್ಟವೂ ಖಬರೋವ್‌ಸ್ಕ್‌ನಿಂದ ಇಲ್ಲಿಗೆ ಬಂತು. ಖಬರೋವ್‌ಸ್ಕ್‌ನವರಿಗೆ ಖುಷಿಯಾಗಿರಲಾರದು.

ಹೆಸರಿನ ಅರ್ಥ ಏನು?

ರಷ್ಯನ್ನಿನಲ್ಲಿ 'ವ್ಲಾದೆಯ್' ಅಂದರೆ ಆಳು, ಒಡೆಯನಾಗು. 'ವೊಸ್ತೋಕ್' ಅಂದರೆ ಪೂರ್ವ. ಪೂರ್ವವನ್ನು ಆಳು! ಹೆಸರಲ್ಲೇ ಉದ್ದೇಶ ಬಚ್ಚಿಟ್ಟಿಲ್ಲ. ಇದಕ್ಕೆ ಮಾದರಿ ವ್ಲಾಡಿಕಾವ್ಕಾಜ್, ಅಂದರೆ 'ಕಾಕಸಸ್ ಅನ್ನು ಆಳು' ಅನ್ನುವ ಇನ್ನೊಂದು ಊರು.

ಚೀನೀ ಭಾಷೆಯಲ್ಲಿ ಈ ಜಾಗಕ್ಕೆ ಹೈಶೆನ್‌ವೈ ಅಂತ ಹೆಸರು. ಅದು 'ಕಡಲ ಸೌತೆ' ಸಿಗುವ ಕೊಲ್ಲಿ. ಕಡಲ ಸೌತೆ ತರಕಾರಿಯಲ್ಲ, ಸಮುದ್ರದ ತಳದಲ್ಲಿ ತೆವಳುವ ಒಂದು ಮೆತ್ತನೆಯ ಪ್ರಾಣಿ. ಚೀನಾದ ಅಡುಗೆಯಲ್ಲಿ ಅದಕ್ಕೆ ಭಾರೀ ಬೆಲೆ. ಬ್ರಿಟಿಷ್ ಹಡಗಿನವರು 1850ರ ದಶಕದಲ್ಲಿ ಈ ಕೊಲ್ಲಿಗೆ 'ಪೋರ್ಟ್ ಮೇ' ಅಂತಲೂ, ಹೊರಗಿನ ದೊಡ್ಡ ಖಾರಿಗೆ ತಮ್ಮ ರಾಣಿ ವಿಕ್ಟೋರಿಯಾ ಹೆಸರನ್ನೂ ಇಟ್ಟಿದ್ದರು. ರಷ್ಯನ್ನರು ಬಂದು ರಾಣಿಯನ್ನು ತೆಗೆದು ಪೀಟರ್ ದಿ ಗ್ರೇಟ್‌ನನ್ನು ಕೂರಿಸಿದರು. ಒಂದೇ ನೀರಿಗೆ ಮೂರು ಕಡೆಯವರ ಹೆಸರು. ಅವರಲ್ಲಿ ಬರೀ ತಿನ್ನುವ ವಸ್ತುವಿನ ಮೇಲೆ ಹೆಸರಿಟ್ಟವರು ಚೀನಿಯರು ಮಾತ್ರ.

ಈ ಜಾಗ ಮೊದಲು ಯಾರದಾಗಿತ್ತು? ರಷ್ಯಾಕ್ಕೆ ಹೇಗೆ ಸಿಕ್ಕಿತು?

ಚೀನಾದ ಚಿಂಗ್ ದೊರೆಗಳದ್ದು. 19ನೇ ಶತಮಾನದ ಮಧ್ಯದಲ್ಲಿ ಚೀನಾ ಸುಸ್ತಾಗಿತ್ತು. ಒಳಗೆ ದಂಗೆ, ಹೊರಗಿನಿಂದ ಬ್ರಿಟನ್ ಮತ್ತು ಫ್ರಾನ್ಸ್ ಜತೆ ಅಫೀಮು ಯುದ್ಧ. ಆ ಸಮಯ ನೋಡಿ ಪೂರ್ವ ಸೈಬೀರಿಯಾದ ಗವರ್ನರ್ ಜನರಲ್ ನಿಕೊಲಾಯ್ ಮುರವ್ಯೋವ್ 1858ರಲ್ಲಿ ಐಗುನ್ ಒಪ್ಪಂದ ಮಾಡಿಸಿಕೊಂಡ. ಅಮುರ್ ನದಿಯ ಎಡದಂಡೆ ರಷ್ಯಾಕ್ಕೆ ಬಂತು. ಅವನ ಹೆಸರಿಗೆ ಆಮೇಲೆ 'ಅಮುರ್‌ಸ್ಕಿ' ಸೇರಿದ್ದು ಇದಕ್ಕೇ. 1860ರ ನವೆಂಬರ್‌ನ ಪೀಕಿಂಗ್ ಒಪ್ಪಂದದಲ್ಲಿ ವ್ಲಾಡಿವೋಸ್ಟಾಕ್ ಇರುವ ಈಗಿನ ಪ್ರಿಮೋರಿಯೆ ಪ್ರಾಂತ್ಯವೂ ರಷ್ಯಾದ್ದಾಯಿತು.

ಇಲ್ಲೊಂದು ತಮಾಷೆ ಇದೆ. ಊರು ಹುಟ್ಟಿದ ದಿನ ಅಂತ ಹೇಳುವುದು 1860ರ ಜುಲೈ 2. ಅಂದು 'ಮಾಂಜೂರ್' ಅನ್ನುವ ಸೈನ್ಯದ ಹಡಗು ಕೊಲ್ಲಿಗೆ ಬಂತು. ಕೊಮಾರೋವ್ ಅನ್ನುವ ಕಿರಿಯ ಅಧಿಕಾರಿ ಒಂದಷ್ಟು ಸೈನಿಕರ ಜತೆ ಇಳಿದು ಮರ ಕಡಿಯಲು ಶುರುಮಾಡಿದ. ಒಪ್ಪಂದಕ್ಕೆ ಸಹಿ ಬಿದ್ದದ್ದು ನವೆಂಬರ್‌ನಲ್ಲಿ. ಅಂದರೆ ಸೈಟ್ ರಿಜಿಸ್ಟರ್ ಆಗುವ ನಾಲ್ಕು ತಿಂಗಳು ಮೊದಲೇ ಪಾಯ ತೋಡಿದ್ದರು.

ಮುರವ್ಯೋವ್ ಕೊನೆಗಾಲ ಕಳೆದದ್ದು ಪ್ಯಾರಿಸ್‌ನಲ್ಲಿ. 1881ರಲ್ಲಿ ಅಲ್ಲೇ ಮಣ್ಣಾದ. ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ, 1990ರ ದಶಕದ ಶುರುವಿನಲ್ಲಿ ಅವನ ಅಸ್ಥಿಯನ್ನು ವ್ಲಾಡಿವೋಸ್ಟಾಕ್‌ಗೆ ತಂದು ಹೂಳಿದರು.

ಇಸ್ತಾಂಬುಲ್‌ನ ಹೆಸರುಗಳು ಇಲ್ಲಿ ಯಾಕಿವೆ?

ಅದೂ ಮುರವ್ಯೋವ್‌ನ ಕೆಲಸವೇ. 1859ರಲ್ಲಿ 'ಅಮೆರಿಕಾ' ಅನ್ನುವ ಹಡಗಿನಲ್ಲಿ ಈ ಕರಾವಳಿ ನೋಡುತ್ತ ಬಂದ. ಗುಡ್ಡಗಳ ನಡುವೆ ಬಾಗಿಕೊಂಡು ಒಳಗೆ ಹೋದ ಸುಮಾರು 7 ಕಿಲೋಮೀಟರ್ ಉದ್ದದ ಕೊಲ್ಲಿ ಕಂಡು ಇಸ್ತಾಂಬುಲ್ ನೆನಪಾಯಿತಂತೆ. ಅದಕ್ಕೆ 'ಚಿನ್ನದ ಕೊಂಬು' ಅಂತ ಹೆಸರಿಟ್ಟ. ಎದುರಿಗಿರುವ ಜಲಸಂಧಿಗೆ 'ಪೂರ್ವ ಬಾಸ್ಫರಸ್' ಅಂದ.

ನನಗೆ ಇದಕ್ಕಿಂತ ಇಷ್ಟವಾಗುವುದು ಬೀದಿಗಳ ಹೆಸರು. ಮುಖ್ಯ ಬೀದಿ ಸ್ವೆತ್ಲಾನ್‌ಸ್ಕಯಾ ಒಂದು ಹೆಂಗಸಿನ ಹೆಸರು ಅಂದುಕೊಳ್ಳಬೇಡಿ. ಅದು 1873ರಲ್ಲಿ ಬಂದ 'ಸ್ವೆತ್ಲಾನಾ' ಯುದ್ಧನೌಕೆಯ ಹೆಸರು. ಅದಕ್ಕೂ ಮೊದಲು ಅದೇ ಬೀದಿ ಮುರವ್ಯೋವ್‌ನ ಹಡಗಿನ ನೆನಪಿಗೆ ಅಮೆರಿಕಾನ್‌ಸ್ಕಯಾ ಆಗಿತ್ತು. ಸೋವಿಯತ್ ಕಾಲದಲ್ಲಿ ಲೆನಿನ್ ಬೀದಿ ಆಯಿತು, 1992ರಲ್ಲಿ ಮತ್ತೆ ಸ್ವೆತ್ಲಾನಾ ಬಂದಳು. ಅಲೆಊತ್‌ಸ್ಕಯಾ ಬೀದಿಯೂ ಹಡಗಿನದ್ದೇ. ಮಹಾಪುರುಷರಿಗಿಂತ ಮೊದಲು ಹಡಗುಗಳಿಗೆ ಬೀದಿ ಕೊಟ್ಟ ಊರು ಇದು.

ಬಂದರು ಬೆಳೆದದ್ದು ಹೇಗೆ?

ಸುಂಕ ಬಿಟ್ಟು. 1862ರಲ್ಲಿ ಇದನ್ನು ಸುಂಕವಿಲ್ಲದ ಬಂದರು ಅಂತ ಘೋಷಿಸಿದರು. ರಷ್ಯಾದ ಒಳನಾಡಿನಿಂದ ಇಲ್ಲಿಗೆ ಒಂದು ಮೊಳೆ ತರಬೇಕಾದರೂ ತಿಂಗಳುಗಟ್ಟಲೆ ಬೇಕಿತ್ತು. ಹೊರದೇಶದ ಸಾಮಾನು ಬರದೆ ಊರು ಬದುಕುವ ಹಾಗೇ ಇರಲಿಲ್ಲ. ಹಾಗಾಗಿ ಬಾಗಿಲು ತೆಗೆದಿಟ್ಟರು. ಈ ವ್ಯವಸ್ಥೆ ನಡುವೆ ಒಮ್ಮೆ ನಿಂತು, ಮತ್ತೆ ಬಂದು, 20ನೇ ಶತಮಾನದ ಮೊದಲ ದಶಕದವರೆಗೂ ನಡೆಯಿತು.

ತೆರೆದ ಬಾಗಿಲಿನಲ್ಲಿ ಯಾರ್ಯಾರೋ ಬಂದರು. ಹ್ಯಾಂಬರ್ಗ್ ಕಡೆಯ ಗುಸ್ತಾವ್ ಕುನ್‌ಸ್ಟ್ ಮತ್ತು ಗುಸ್ತಾವ್ ಆಲ್ಬರ್ಸ್ 1864ರಲ್ಲಿ ಅಂಗಡಿ ಇಟ್ಟರು. ಅದು ಬೆಳೆದು ಸೂಜಿಯಿಂದ ಹಿಡಿದು ಯಂತ್ರದವರೆಗೆ ಎಲ್ಲ ಮಾರುವ ಮಳಿಗೆ ಆಯಿತು. ಸ್ವೆತ್ಲಾನ್‌ಸ್ಕಯಾ ಬೀದಿಯ ಅವರ ಕಟ್ಟಡ ಇವತ್ತಿಗೂ ಇದೆ. ಡೆನ್ಮಾರ್ಕಿನ ಕಂಪನಿಯೊಂದು 1871ರಲ್ಲಿ ಸಮುದ್ರದಡಿ ತಂತಿ ಎಳೆದು ಊರನ್ನು ನಾಗಸಾಕಿ, ಶಾಂಘಾಯ್‌ಗೆ ಜೋಡಿಸಿತು. ಸ್ವಿಟ್ಜರ್ಲೆಂಡಿನ ಜೂಲ್ಸ್ ಬ್ರೈನರ್ ಹಡಗು ಮತ್ತು ಗಣಿ ವ್ಯವಹಾರದಲ್ಲಿ ದುಡ್ಡು ಮಾಡಿದ. ಅವನ ಮೊಮ್ಮಗ 1920ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಆಮೇಲೆ ಹಾಲಿವುಡ್ ಸೇರಿ, ಬೋಳು ತಲೆಯಿಂದಲೇ ಹೆಸರಾದ. ಅವನೇ ಯೂಲ್ ಬ್ರಿನ್ನರ್. ಹುಟ್ಟಿದ ಮನೆಯ ಹತ್ತಿರ ಈಗ ಅವನ ಪ್ರತಿಮೆ ಇದೆ.

ಇವರೆಲ್ಲ ದೊಡ್ಡ ಮನುಷ್ಯರು. ಕಲ್ಲು ಹೊತ್ತವರು, ಮೀನು ತಂದವರು, ತರಕಾರಿ ಬೆಳೆದವರು ಹೆಚ್ಚಾಗಿ ಚೀನಿಯರು ಮತ್ತು ಕೊರಿಯನ್ನರು. 1897ರ ಜನಗಣತಿಯಲ್ಲಿ ಊರಿನ ಜನ ಸುಮಾರು 29,000. ಸೈನಿಕರು, ನಾವಿಕರು, ಕೂಲಿಗಳು ತುಂಬಿದ್ದರಿಂದ ಗಂಡಸರೇ ಜಾಸ್ತಿ. ಪೇಟೆಯ ನಡುವೆ ಚೀನಿಯರ ಕೇರಿ 'ಮಿಲಿಯೋಂಕಾ' ಇತ್ತು. ಕೆಂಪು ಇಟ್ಟಿಗೆಯ ಕಟ್ಟಡ, ಒಂದರೊಳಗೊಂದು ಅಂಗಳ, ಇಕ್ಕಟ್ಟು ಓಣಿ. ಅಲ್ಲೇ ಅಂಗಡಿ, ನಾಟಕ, ಜೂಜು, ಅಫೀಮು ಎಲ್ಲ. ಆ ಅಂಗಳಗಳಲ್ಲಿ ಈಗ ಕಾಫಿ ಅಂಗಡಿಗಳಿವೆ.

ಟ್ರಾನ್ಸ್ ಸೈಬೀರಿಯನ್ ರೈಲು ಇಲ್ಲಿಂದ ಶುರುವೋ, ಇಲ್ಲಿಗೆ ಮುಗಿಯೋದೋ?

ಲೆಕ್ಕ ಹಾಕುವುದು ಮಾಸ್ಕೋದಿಂದ. ಹಾಗಾಗಿ ಮುಗಿಯುವುದು ಇಲ್ಲಿ. ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ 9288 ಅಂತ ಬರೆದ ಕಂಬ ಇದೆ. ಅಷ್ಟು ಕಿಲೋಮೀಟರ್. ನಮ್ಮ ದಿಬ್ರುಗಢ-ಕನ್ಯಾಕುಮಾರಿ ರೈಲಿನ ದಾರಿ ಸುಮಾರು 4,200. ಅದರ ಎರಡರಷ್ಟಕ್ಕಿಂತ ಜಾಸ್ತಿ. ಪ್ರಯಾಣಕ್ಕೆ ಹೆಚ್ಚುಕಮ್ಮಿ ಒಂದು ವಾರ ಬೇಕು.

ಆದರೆ ಕಟ್ಟಲು ಶುರುಮಾಡಿದ ಸಮಾರಂಭ ನಡೆದದ್ದು ಈ ತುದಿಯಲ್ಲಿ, 1891ರ ಮೇ 31ರಂದು. ಯುವರಾಜ ನಿಕೊಲಾಯ್, ಅಂದರೆ ಆಮೇಲೆ ಕೊನೆಯ ಜಾರ್ ಆದವನು, ಒಂದು ಕೈಗಾಡಿ ಮಣ್ಣು ತಳ್ಳಿ ಕೆಲಸಕ್ಕೆ ಚಾಲನೆ ಕೊಟ್ಟ. ಅವನು ಬಂದದ್ದು ಸಮುದ್ರದ ದಾರಿಯಲ್ಲಿ. ದಾರಿಯಲ್ಲಿ ಮುಂಬಯಿ, ದೆಹಲಿ, ಆಗ್ರಾ, ಕಲ್ಕತ್ತೆ, ಮದರಾಸು ಎಲ್ಲ ಸುತ್ತಿದ್ದ. ಜಪಾನಿನ ಓತ್ಸುವಿನಲ್ಲಿ ಕಾವಲಿಗಿದ್ದ ಪೊಲೀಸನೇ ಕತ್ತಿ ಬೀಸಿ ಅವನ ತಲೆಗೆ ಗಾಯ ಮಾಡಿದ. ಅದಾಗಿ ಮೂರು ವಾರಕ್ಕೆ ಇಲ್ಲಿ ಮಣ್ಣು ತಳ್ಳಿದ್ದು.

1903ರ ಹೊತ್ತಿಗೆ ರೈಲು ಬಂತು, ಆದರೆ ಚೀನಾದ ಮಂಚೂರಿಯಾ ಒಳಗಿನಿಂದ. ಪೂರಾ ರಷ್ಯಾದ ನೆಲದಲ್ಲೇ ಸಾಗುವ ದಾರಿ ಮುಗಿದದ್ದು 1916ರಲ್ಲಿ, ಖಬರೋವ್‌ಸ್ಕ್ ಬಳಿ ಅಮುರ್ ನದಿಗೆ ಸೇತುವೆ ಆದಾಗ. ಮರುವರ್ಷ ಆ ಯುವರಾಜನ ಸಿಂಹಾಸನವೇ ಹೋಯಿತು.

ಊರಿನ ಸುತ್ತ ಅಷ್ಟೊಂದು ಕೋಟೆ ಯಾಕೆ?

ಜಪಾನಿನ ಭಯ. ಅದಕ್ಕೂ ಮೊದಲು ಬ್ರಿಟನ್ನಿನ ಭಯ. 1889ರಿಂದ ಗುಡ್ಡಗಳ ಒಳಗೆ ಕಾಂಕ್ರೀಟಿನ ಸುರಂಗ, ಫಿರಂಗಿ ಕಟ್ಟೆಗಳನ್ನು ಕಟ್ಟುತ್ತಲೇ ಹೋದರು. 1904ರ ಮಾರ್ಚ್‌ನಲ್ಲಿ ಜಪಾನಿನ ಹಡಗುಗಳು ದೂರದಿಂದ ಒಮ್ಮೆ ಗುಂಡು ಹಾರಿಸಿ ಹೋದವು, ಅಷ್ಟೇ. 1934ರಲ್ಲಿ ಊರಿನ ಎದುರಿಗಿರುವ ರುಸ್ಕಿ ದ್ವೀಪದಲ್ಲಿ ಹಳೆಯ ಯುದ್ಧನೌಕೆಯೊಂದರ 305 ಮಿಲಿಮೀಟರ್ ಫಿರಂಗಿಗಳನ್ನೇ ಕಿತ್ತು ತಂದು ನೆಲದಲ್ಲಿ ಹೂತರು. ಅವೂ ಶತ್ರುವಿನ ಮೇಲೆ ಸಿಡಿಯಲಿಲ್ಲ. ಈಗ ಮ್ಯೂಸಿಯಂ.

ಫಿರಂಗಿ ಸುಮ್ನೆ ಕೂತರೂ ಶತ್ರು ಬರಲಿಲ್ಲ ಅಂತಲ್ಲ. ಬಂದದ್ದು ಬೇರೆ ಥರ.

ಒಂದು ಕಾಲಕ್ಕೆ ಅಮೆರಿಕ, ಜಪಾನ್ ಸೈನ್ಯಗಳು ಇಲ್ಲಿ ಬೀಡುಬಿಟ್ಟಿದ್ದವಂತೆ, ಹೌದಾ?

ಹೌದು. ಈ ಊರಿನ ಚರಿತ್ರೆಯಲ್ಲಿ ಅತಿ ವಿಚಿತ್ರವಾದ ನಾಲ್ಕೂವರೆ ವರ್ಷ ಅದು. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಪಶ್ಚಿಮದ ಬಂದರುಗಳು ಮುಚ್ಚಿಹೋಗಿ, ಮಿತ್ರದೇಶಗಳ ಸಾಮಾನು ಇಲ್ಲಿಗೆ ಬರುತ್ತಿತ್ತು. ರೈಲು ಸಾಗಿಸಲಾರದಷ್ಟು ಬಂತು. ಬಂದರಿನಲ್ಲಿ ಗುಡ್ಡೆಗುಡ್ಡೆ ಬಿದ್ದಿತ್ತು. 1917ರ ಕ್ರಾಂತಿಯಾದ ಮೇಲೆ ಆ ಸಾಮಾನು ಯಾರ ಕೈಸೇರುತ್ತದೆ ಅನ್ನುವುದು ಒಂದು ನೆಪವಾಯಿತು. 1918ರ ಏಪ್ರಿಲ್‌ನಲ್ಲಿ ಜಪಾನೀ ಸೈನಿಕರು ಇಳಿದರು. ಜೂನ್ ಕೊನೆಗೆ ಚೆಕೊಸ್ಲೊವಾಕ್ ಸೈನಿಕರು ಊರನ್ನು ಕೈಗೆ ತೆಗೆದುಕೊಂಡರು. ಆಮೇಲೆ ಬ್ರಿಟಿಷರು, ಕೆನಡಾದವರು, ಫ್ರೆಂಚರು, ಇಟಲಿಯವರು. ಅಮೆರಿಕದಿಂದ ಜನರಲ್ ಗ್ರೇವ್ಸ್ ಕೈಕೆಳಗೆ ಸುಮಾರು 8,000 ಜನ.

ಚೆಕ್ ಸೈನಿಕರು ಇಲ್ಲಿಗೆ ಹೇಗೆ ಬಂದರು ಅಂತ ಕೇಳುತ್ತೀರಿ. ಅವರು ರಷ್ಯಾದ ಪರವಾಗಿ ಆಸ್ಟ್ರಿಯಾ ವಿರುದ್ಧ ಕಾದಾಡುತ್ತಿದ್ದವರು. ರಷ್ಯಾ ಯುದ್ಧದಿಂದ ಹಿಂದೆ ಸರಿದಾಗ ಪಶ್ಚಿಮಕ್ಕೆ ಹೋಗಲು ದಾರಿ ಇಲ್ಲದೆ ಪೂರ್ವಕ್ಕೆ ಹೊರಟರು. ಸೈಬೀರಿಯಾ ದಾಟಿ, ಇಲ್ಲಿ ಹಡಗು ಹತ್ತಿ, ಭೂಮಿ ಸುತ್ತಿ ಯುರೋಪಿಗೆ ವಾಪಸ್! ಕೊನೆಗೆ 1920ರಲ್ಲಿ ಅವರಿಗೆ ಹಡಗು ಸಿಕ್ಕಿತು.

ಈ ನಡುವೆ ಊರಲ್ಲಿ ಸರ್ಕಾರದ ಮೇಲೆ ಸರ್ಕಾರ ಬದಲಾಯಿತು. ಜಪಾನಿಗಳು ಕೊನೆಯವರೆಗೂ ಉಳಿದಿದ್ದರು. 1922ರ ಅಕ್ಟೋಬರ್‌ನಲ್ಲಿ ಅವರು ಹೊರಡುತ್ತಿದ್ದ ಹಾಗೆ ಲೆನಿನ್‌ನ ವಿರೋಧಿ ಬಣದ ಅಡ್ಮಿರಲ್ ಸ್ಟಾರ್ಕ್ ತನ್ನ ಹಡಗುಗಳಲ್ಲಿ ಸಾವಿರಾರು ನಿರಾಶ್ರಿತರನ್ನು ತುಂಬಿಕೊಂಡು ತಪ್ಪಿಸಿಕೊಂಡ. ಕೆಲವರು ಶಾಂಘಾಯ್‌ನಲ್ಲಿ ಇಳಿದರು, ಕೆಲವರು ಮನಿಲಾವರೆಗೆ ಹೋದರು. ಅಕ್ಟೋಬರ್ 25ರಂದು ಲೆನಿನ್ ಕಡೆಯ ಕೆಂಪು ಸೈನ್ಯ ಊರಿಗೆ ಬಂತು. ಮುಂದಿನ ತಿಂಗಳು ಲೆನಿನ್ ಭಾಷಣದಲ್ಲಿ ಹೇಳಿದ ಮಾತು ಈ ಊರಿನ ಬಾಯಲ್ಲಿ ಇನ್ನೂ ಇದೆ: ವ್ಲಾಡಿವೋಸ್ಟಾಕ್ ದೂರ ಇದೆ, ಆದರೂ ಅದು ನಮ್ಮದೇ ಊರು.

ಚೀನಿಯರು, ಕೊರಿಯನ್ನರು ಏನಾದರು?

ಸ್ಟಾಲಿನ್ ಕಾಲದಲ್ಲಿ ಅವರನ್ನು ಹೊರಹಾಕಿದರು. ಮಿಲಿಯೋಂಕಾವನ್ನು 1936ರಲ್ಲಿ ಖಾಲಿ ಮಾಡಿಸಿದರು. 1937ರಲ್ಲಿ ಇಡೀ ದೂರಪೂರ್ವದ ಕೊರಿಯನ್ನರನ್ನು, ಸುಮಾರು 1,72,000 ಜನರನ್ನು, ರೈಲಿಗೆ ತುಂಬಿ ಕಜಾಕಿಸ್ತಾನ, ಉಜ್ಬೇಕಿಸ್ತಾನಕ್ಕೆ ಸಾಗಿಸಿದರು. ಜಪಾನಿನ ಗೂಢಚಾರರು ಇರಬಹುದು ಅನ್ನುವುದು ಕೊಟ್ಟ ಕಾರಣ. ಒಂದು ಜನಾಂಗವನ್ನೇ ಹೀಗೆ ಎತ್ತಿ ಬೇರೆ ಕಡೆ ಎಸೆದದ್ದು ಸೋವಿಯತ್ ಒಕ್ಕೂಟದಲ್ಲಿ ಇದೇ ಮೊದಲು. ಈ ಊರಿನ ಕೊರಿಯನ್ ಕೇರಿಯೂ ಅಳಿಸಿಹೋಯಿತು.

ಅದೇ ಹೊತ್ತಿಗೆ ಎದುರು ದಿಕ್ಕಿನಿಂದ ಕೈದಿಗಳ ರೈಲುಗಳು ಬರುತ್ತಿದ್ದವು. ಸೈಬೀರಿಯಾದ ಈಶಾನ್ಯ ಮೂಲೆಯ ಕೊಲಿಮಾದ ಚಿನ್ನದ ಗಣಿಗಳಿಗೆ ಹೋಗಬೇಕಾದ ಕೈದಿಗಳನ್ನು ಇಲ್ಲಿ ಇಳಿಸಿ, ಹಡಗು ಬರುವವರೆಗೆ ಶಿಬಿರದಲ್ಲಿ ಇಡುತ್ತಿದ್ದರು. ಕವಿ ಓಸಿಪ್ ಮಾಂಡೆಲ್‌ಸ್ಟಾಮ್ ಹಡಗು ಹತ್ತಲೇ ಇಲ್ಲ. 1938ರ ಡಿಸೆಂಬರ್ 27ರಂದು ಊರಂಚಿನ ಆ ಶಿಬಿರದಲ್ಲೇ ತೀರಿಕೊಂಡರು. ಊರಿನಲ್ಲಿ ಅವರ ಪ್ರತಿಮೆ ಇದೆ, ಕತ್ತು ಮೇಲೆತ್ತಿ ನಿಂತಿರುವಂತೆ.

ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಯುದ್ಧ ನಡೆಯಿತಾ?

ಇಲ್ಲ. ಆದರೆ ಅಮೆರಿಕ ಸೋವಿಯತ್ ಒಕ್ಕೂಟಕ್ಕೆ ಕೊಟ್ಟ ನೆರವಿನಲ್ಲಿ ಹೆಚ್ಚುಕಮ್ಮಿ ಅರ್ಧ ಬಂದದ್ದು ಪೆಸಿಫಿಕ್ ದಾರಿಯಲ್ಲಿ, ಮುಖ್ಯವಾಗಿ ಈ ಬಂದರಿಗೆ. ಜಪಾನ್ ಅಮೆರಿಕದ ಜತೆ ಯುದ್ಧದಲ್ಲಿತ್ತು, ರಷ್ಯಾದ ಜತೆ ಇರಲಿಲ್ಲ. ಅದಕ್ಕೇ ಅಮೆರಿಕದ ಹಡಗುಗಳಿಗೇ ಸೋವಿಯತ್ ಬಾವುಟ ಕಟ್ಟಿ, ಗೋಧಿ, ಲಾರಿ, ರೈಲು ಎಂಜಿನ್ ತುಂಬಿ ಜಪಾನಿನ ಕಣ್ಣೆದುರೇ ಸಾಗಿಸಿದರು.

ಆ ಹಡಗುಗಳ ಕ್ಯಾಪ್ಟನ್‌ಗಳಲ್ಲಿ ಅನ್ನಾ ಶೆಟಿನಿನಾ ಒಬ್ಬರು. ವ್ಲಾಡಿವೋಸ್ಟಾಕ್ ಪಕ್ಕದ ಒಕೆಯಾನ್‌ಸ್ಕಯಾದಲ್ಲಿ 1908ರಲ್ಲಿ ಹುಟ್ಟಿದವರು. 1935ರಲ್ಲಿ, 27ರ ವಯಸ್ಸಿಗೇ, ಹ್ಯಾಂಬರ್ಗ್‌ನಿಂದ ಕಮ್ಚಾಟ್ಕಾಕ್ಕೆ ಹಡಗು ತಂದರು. ದೂರಸಮುದ್ರದ ಹಡಗಿಗೆ ಕ್ಯಾಪ್ಟನ್ ಆದ ಜಗತ್ತಿನ ಮೊದಲ ಹೆಂಗಸರಲ್ಲಿ ಒಬ್ಬರು. ತೀರಿಕೊಂಡದ್ದು 1999ರಲ್ಲಿ, ಇದೇ ಊರಲ್ಲಿ.

ದಡದಲ್ಲಿ ಎಸ್-56 ಅನ್ನುವ ಜಲಾಂತರ್ಗಾಮಿಯನ್ನು ನೆಲದ ಮೇಲೆ ಏರಿಸಿ ಮ್ಯೂಸಿಯಂ ಮಾಡಿದ್ದಾರೆ. 1942ರಲ್ಲಿ ಇಲ್ಲಿಂದ ಹೊರಟು, ಪನಾಮಾ ಕಾಲುವೆ ದಾಟಿ, ಅಟ್ಲಾಂಟಿಕ್ ಹಾಯ್ದು ಉತ್ತರದ ನೌಕಾಪಡೆ ಸೇರಿದ ದೋಣಿ. ಒಳಗೆ ಹೋದರೆ ತಲೆ ಜೋಪಾನ.

'ಮುಚ್ಚಿದ ಊರು' ಅಂದರೆ ಏನು?

ನೌಕಾಪಡೆಯ ಗುಟ್ಟು ಕಾಪಾಡಲು 1950ರ ದಶಕದಿಂದ 1991ರ ಕೊನೆಯವರೆಗೆ ಈ ಊರಿಗೆ ವಿದೇಶಿಯರನ್ನು ಬಿಡುತ್ತಿರಲಿಲ್ಲ. ಹೊರಗಿನ ಸೋವಿಯತ್ ಪ್ರಜೆಗಳಿಗೂ ಪರವಾನಗಿ ಬೇಕಿತ್ತು. ಸುಂಕವಿಲ್ಲದೆ ಎಲ್ಲರನ್ನೂ ಕರೆದ ಬಂದರು ಈಗ ಚಿಲಕ ಹಾಕಿಕೊಂಡಿತು. ವಿದೇಶಿ ವ್ಯಾಪಾರ ಪೂರ್ವಕ್ಕಿರುವ ನಖೋದ್ಕಾ ಬಂದರಿಗೆ ಹೋಯಿತು. ಟ್ರಾನ್ಸ್ ಸೈಬೀರಿಯನ್ ರೈಲಿನಲ್ಲಿ ಬಂದ ವಿದೇಶಿಯರು 9288ರ ಕಂಬ ನೋಡದೆ ನಖೋದ್ಕಾಕ್ಕೆ ಹೋಗಿ, ಅಲ್ಲಿಂದ ಯೊಕೊಹಾಮಾಕ್ಕೆ ಹಡಗು ಹತ್ತುತ್ತಿದ್ದರು.

ಆದರೆ ಇಲ್ಲಿನ ನಾವಿಕರು ಮಾತ್ರ ಜಗತ್ತು ಸುತ್ತುತ್ತಿದ್ದರು. ಜಪಾನಿನ ಟೇಪ್ ರೆಕಾರ್ಡರ್, ಜೀನ್ಸ್, ಹಾಡಿನ ತಟ್ಟೆಗಳು ಅವರ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಬಾಗಿಲು ಹಾಕಿತ್ತು, ಕಿಟಕಿ ಹಾಕಿರಲಿಲ್ಲ.

1974ರ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಬಂದು ಸೋವಿಯತ್ ನಾಯಕ ಬ್ರೆಜ್ನೆವ್ ಜತೆ ಅಣ್ವಸ್ತ್ರಗಳಿಗೆ ಮಿತಿ ಹಾಕುವ ಮಾತುಕತೆ ನಡೆಸಿದರು. ಅದೂ ಊರ ಹೊರಗಿನ ಒಕೆಯಾನ್‌ಸ್ಕಯಾದ ಆರೋಗ್ಯಧಾಮದಲ್ಲಿ. ಹೊರಡುವಾಗ ಫೋರ್ಡ್ ತಾವು ತೊಟ್ಟಿದ್ದ ಅಲಾಸ್ಕಾದ ತೋಳದ ತುಪ್ಪಳದ ಕೋಟನ್ನು ಬಿಚ್ಚಿ ಬ್ರೆಜ್ನೆವ್‌ಗೆ ಕೊಟ್ಟುಬಿಟ್ಟರು.

1992ರ ಜನವರಿ 1ರಂದು ಊರು ತೆರೆಯಿತು. ಅದೇ ವರ್ಷ ಮೊದಲಿಗೆ ಇಲ್ಲಿ ಕಾನ್ಸುಲೇಟ್ ತೆರೆದ ದೇಶ ಭಾರತ.

ಬಲಗಡೆ ಸ್ಟೀರಿಂಗ್ ಇರುವ ಕಾರುಗಳು ಅಲ್ಲಿ ಯಾಕಷ್ಟು?

ರಷ್ಯಾದಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಹಾಗಾಗಿ ಸ್ಟೀರಿಂಗ್ ಎಡಕ್ಕಿರಬೇಕು. ಇಲ್ಲಿ ಮಾತ್ರ ನಮ್ಮ ಕಾರುಗಳ ಹಾಗೆ ಬಲಕ್ಕೆ. ಯಾಕೆಂದರೆ ಬಹುಪಾಲು ಜಪಾನಿನಿಂದ ತಂದ ಸೆಕೆಂಡ್ ಹ್ಯಾಂಡ್ ಕಾರುಗಳು. ಸೋವಿಯತ್ ಒಕ್ಕೂಟ ಬಿದ್ದಾಗ ಸಂಬಳ ಇಲ್ಲ, ಕರೆಂಟ್ ಇಲ್ಲ, ಎಷ್ಟೋ ಮನೆಗಳಿಗೆ ನೀರಿಲ್ಲ. ಆಗ ಊರನ್ನು ಸಾಕಿದ್ದು ಈ ಕಾರುಗಳು. ನಾವಿಕರು ತಂದರು, ಆಮೇಲೆ ಎಲ್ಲರೂ ತಂದರು. ಹಡಗಿನ ಮೇಲಟ್ಟದ ತುಂಬ ಕಾರು. ಗುಡ್ಡದ ಮೇಲೆ 'ಹಸಿರು ಮೂಲೆ' ಅನ್ನುವ ದೊಡ್ಡ ಕಾರು ಸಂತೆ ಬೆಳೆಯಿತು. ಒಬ್ಬ ತರುವವನು, ಒಬ್ಬ ಸುಂಕದ ಕಾಗದ ಮಾಡಿಸುವವನು, ಒಬ್ಬ ರಿಪೇರಿಯವನು, ಒಬ್ಬ ಸೈಬೀರಿಯಾದವರೆಗೆ ಓಡಿಸಿಕೊಂಡು ಹೋಗಿ ಮಾರುವವನು. ಎಷ್ಟೋ ಮನೆಯ ಒಲೆ ಇದರಿಂದ ಉರಿಯಿತು.

ತೊಂದರೆ ಇಲ್ಲವೇ? ಇದೆ. ಮುಂದಿನ ಲಾರಿಯನ್ನು ಹಿಂದೆ ಹಾಕಬೇಕಾದರೆ ಎದುರಿನ ದಾರಿ ಡ್ರೈವರ್‌ಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತವರು ಇಣುಕಿ ಹೇಳಬೇಕು. ಆದರೂ ಊರಿನವರಿಗೆ ಇದು ಹಟದ ವಿಷಯ. 2008ರ ಡಿಸೆಂಬರ್‌ನಲ್ಲಿ ಮಾಸ್ಕೋ ಇಂಥ ಕಾರುಗಳ ಆಮದು ಸುಂಕ ಏರಿಸಲು ಹೊರಟಾಗ ಜನ ಬೀದಿಗಿಳಿದರು. ಅವರನ್ನು ಚದುರಿಸಲು ಅಷ್ಟು ದೂರದ ಮಾಸ್ಕೋ ಕಡೆಯಿಂದ ವಿಮಾನದಲ್ಲಿ ಪೊಲೀಸರನ್ನು ತರಿಸಿದರು. ಆ ಕಾಲದ ರಷ್ಯಾದಲ್ಲಿ ಕಾರಿಗಾಗಿ ಹೀಗೆ ಬೀದಿಗಿಳಿದದ್ದು ದೊಡ್ಡ ಸುದ್ದಿ. 2023ರಲ್ಲಿ ಜಪಾನ್ ತಾನೇ ದೊಡ್ಡ ಎಂಜಿನ್ನಿನ ಮತ್ತು ಹೈಬ್ರಿಡ್ ಕಾರುಗಳನ್ನು ರಷ್ಯಾಕ್ಕೆ ಕಳಿಸುವುದನ್ನು ನಿಲ್ಲಿಸಿತು. ವ್ಯಾಪಾರ ಚೀನಾ, ಕೊರಿಯಾ ಕಡೆ ತಿರುಗಿತು.

ಫೋಟೋಗಳಲ್ಲಿ ಕಾಣುವ ಆ ದೊಡ್ಡ ಸೇತುವೆಗಳು ಯಾವಾಗ ಆದವು?

ಎರಡೂ 2012ರಲ್ಲಿ, ಎಪೆಕ್ (ಏಷ್ಯಾ-ಪೆಸಿಫಿಕ್ ಆರ್ಥಿಕ ಸಹಕಾರ ಕೂಟ) ದೇಶಗಳ ಶೃಂಗಸಭೆಗೆ. ಚಿನ್ನದ ಕೊಂಬಿನ ಮೇಲಿನ ಸೇತುವೆಯ ನಡುವಿನ ಹರವು 737 ಮೀಟರ್. ರುಸ್ಕಿ ದ್ವೀಪಕ್ಕೆ ಹೋಗುವ ಸೇತುವೆಯದ್ದು 1,104 ಮೀಟರ್. ಕೇಬಲ್‌ಗಳು ಹಿಡಿದ ಸೇತುವೆಗಳಲ್ಲಿ ಜಗತ್ತಿಗೇ ಉದ್ದ ಆಗಿತ್ತು, 2025ರಲ್ಲಿ ಚೀನಾ ಆ ದಾಖಲೆ ಮುರಿಯುವ ತನಕ. 2017ರಲ್ಲಿ ಬಂದ 2,000 ರೂಬಲ್ ನೋಟಿನ ಮೇಲೆ ಇದರ ಚಿತ್ರವಿದೆ.

ಕೆಲವೇ ಸಾವಿರ ಜನ ಇರುವ ದ್ವೀಪಕ್ಕೆ ಇಷ್ಟು ದೊಡ್ಡ ಸೇತುವೆ ಯಾಕೆ ಅಂತ ಆಗಲೇ ಕೇಳಿದವರಿದ್ದರು. ಸಭೆಯ ಕಟ್ಟಡಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು, 2016ರಲ್ಲಿ ದೊಡ್ಡ ಮತ್ಸ್ಯಾಲಯ ಆಯಿತು. ಈಗ ದ್ವೀಪಕ್ಕೆ ಓಡಾಟ ಇದೆ. ಆದರೆ 2020ರ ನವೆಂಬರ್‌ನಲ್ಲಿ ಮಳೆನೀರು ಬಿದ್ದಲ್ಲೇ ಮಂಜುಗಡ್ಡೆಯಾಗುವ ಬಿರುಗಾಳಿ ಬಂತು. ಸೇತುವೆಯ ಕೇಬಲ್‌ಗಳಿಂದ ಮಂಜುಗಡ್ಡೆಯ ತುಂಡುಗಳು ಬೀಳತೊಡಗಿ ಸಂಚಾರ ನಿಲ್ಲಿಸಬೇಕಾಯಿತು. ದ್ವೀಪದವರು ಮತ್ತೆ ಹಳೆಯ ಕಾಲದ ಹಾಗೆ ದೋಣಿ ಹಿಡಿದರು.

ಅಲ್ಲಿ ಯಾವಾಗಲೂ ಹಿಮವಾ?

ಅಲ್ಲ. ಊರಿನವರದ್ದೇ ಒಂದು ಗಾದೆ ಇದೆ: ಅಕ್ಷಾಂಶ ಕ್ರಿಮಿಯಾದ್ದು, ರೇಖಾಂಶ ಕೊಲಿಮಾದ್ದು. ಕ್ರಿಮಿಯಾ ಬೆಚ್ಚಗಿನ ಕರಾವಳಿ, ಕೊಲಿಮಾ ಕೊರೆಯುವ ಚಳಿಯ ನಾಡು. ನಕ್ಷೆಯಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಸಾಲಿನಲ್ಲೇ ಇದೆ. ಆದರೆ ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣಗಾಳಿ ಬೀಸಿ ಜನವರಿಯ ಸರಾಸರಿ ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ ಹೋಗುತ್ತದೆ. ಕೊಲ್ಲಿ ಹೆಪ್ಪುಗಟ್ಟುತ್ತದೆ, ಹಿಮ ಒಡೆಯುವ ಹಡಗುಗಳು ಬಂದರಿನ ದಾರಿ ಬಿಡಿಸುತ್ತವೆ. ಪಕ್ಕದ ಅಮುರ್ ಖಾರಿಯ ಮೇಲೆ ಜನ ತೂತು ಕೊರೆದು ಮೀನು ಹಿಡಿಯುತ್ತ ಕೂರುತ್ತಾರೆ. ಅಲ್ಲಿ ಸಿಗುವ ಕೋರ್ಯುಷ್ಕಾ ಮೀನು ಹಸಿ ಸೌತೆಕಾಯಿಯ ಹಾಗೆ ಘಮಘಮಿಸುತ್ತದೆ.

ಬೇಸಿಗೆ ನಮಗೆ ಗೊತ್ತಿರುವ ಥರದ್ದೇ, ಮಾನ್ಸೂನ್. ಜೂನ್‌ನಲ್ಲಿ ಮಂಜು ಮುಸುಕು, ಆಗಸ್ಟ್‌ನಲ್ಲಿ ಜೋರು ಮಳೆ. ಹೋಗುವುದಾದರೆ ಸೆಪ್ಟೆಂಬರ್. ಆಕಾಶ ತಿಳಿ, ಸಮುದ್ರ ಇನ್ನೂ ಬೆಚ್ಚಗೆ. ಭಾರತೀಯರಿಗೆ ರಷ್ಯಾದ ಇ-ವೀಸಾ ಸಿಗುತ್ತದೆ. ಗುಡ್ಡ ಹತ್ತಿಳಿಯಲು ಗಟ್ಟಿ ಚಪ್ಪಲಿ ಇರಲಿ, ಇಲ್ಲಿ ಸಮತಟ್ಟು ಬೀದಿ ಕಡಿಮೆ. ತೊಕರೆವ್‌ಸ್ಕಿ ದೀಪಸ್ತಂಭ ತಪ್ಪಿಸಬೇಡಿ. ನೀರಿನೊಳಗೆ ಚಾಚಿದ ಕಲ್ಲಿನ ದಾರಿಯ ತುದಿಯಲ್ಲಿ ಒಂಟಿಯಾಗಿ ನಿಂತಿದೆ.

ಹುಲಿ ಇದೆಯಾ?

ಊರಿನ ಲಾಂಛನದಲ್ಲೇ ಇದೆ. ಪೇಟೆಯ ನಡುವಿನ ಗುಡ್ಡವೊಂದಕ್ಕೆ 'ಹುಲಿ ಗುಡ್ಡ' ಅಂತಲೇ ಹೆಸರು. ಹಳೆಯ ಕಥೆ ಅಂದುಕೊಳ್ಳಬೇಡಿ, 2016ರ ಅಕ್ಟೋಬರ್‌ನಲ್ಲಿ ಒಂದು ಅಮುರ್ ಹುಲಿ ಊರಂಚಿಗೇ ಬಂದಿತ್ತು. ಹಿಡಿದು, 'ವ್ಲಾದಿಕ್' ಅಂತ ಹೆಸರಿಟ್ಟು, ಮರುವರ್ಷ ಬಿಕಿನ್ ಕಾಡಿಗೆ ಬಿಟ್ಟರು. ವ್ಲಾದಿಕ್ ಅನ್ನುವುದು ಊರಿಗೂ ಜನ ಕರೆಯುವ ಮುದ್ದು ಹೆಸರೇ.

ತಿನ್ನಲು ಏನು ಸಿಗುತ್ತದೆ?

ಮೀನು ತಿನ್ನುವವರಿಗೆ ಹಬ್ಬ. ಕಮ್ಚಾಟ್ಕಾ ಏಡಿ, ಚಿಪ್ಪು, ಸ್ಕ್ವಿಡ್. ಬೀದಿಯ ತಿಂಡಿ ಅಂದರೆ ಕೊರಿಯನ್ ಮೂಲದ ಪ್ಯಾನ್‌ಸೆ: ಆವಿಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆ, ಒಳಗೆ ಮಾಂಸ ಮತ್ತು ಎಲೆಕೋಸು. ಕೊರಿಯನ್ನರನ್ನು ಹೊರಹಾಕಿದರೂ ಕೊರಿಯನ್ ಅಡುಗೆ ಊರಿನ ಬಾಯಲ್ಲಿದೆ.

ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ, ಬೋರ್ಶ್ ಸಾರಿನಲ್ಲೂ ಮಾಂಸದ ನೀರಿರುತ್ತದೆ. ಆದರೆ ಕಾಡಿನ ಜರೀಗಿಡದ ಚಿಗುರನ್ನು ಹುರಿದು ಮಾಡುವ ಪಲ್ಯ ಕೇಳಿ ನೋಡಿ, ಮಾಂಸ ಹಾಕದೆ. ಕೊಡಗಿನವರು ಮಳೆಗಾಲದಲ್ಲಿ ತಿನ್ನುವ ಥೆರ್ಮೆ ತೊಪ್ಪಿನ ನೆಂಟ ಅದು.

ಭಾರತಕ್ಕೂ ಈ ಬಂದರಿಗೂ ಏನು ಸಂಬಂಧ?

ಹೆಚ್ಚಾಗಿ ಸಮುದ್ರದ್ದು. 1971ರ ಡಿಸೆಂಬರ್‌ನಲ್ಲಿ, ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ, ಅಮೆರಿಕ ತನ್ನ 'ಎಂಟರ್‌ಪ್ರೈಸ್' ವಿಮಾನವಾಹಕ ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿದಾಗ, ಅದರ ಬೆನ್ನಿಗೆ ಸೋವಿಯತ್ ಹಡಗುಗಳು ಹೊರಟದ್ದು ಇಲ್ಲಿಂದ. ಭಾರತ ಬಾಡಿಗೆಗೆ ಪಡೆದ ಮೊದಲ ಅಣುಶಕ್ತಿ ಜಲಾಂತರ್ಗಾಮಿ 'ಚಕ್ರ' 1988ರಲ್ಲಿ ವಿಶಾಖಪಟ್ಟಣಕ್ಕೆ ಬಂದದ್ದೂ ಇಲ್ಲಿಂದಲೇ.

2019ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ಇಲ್ಲಿನ ಆರ್ಥಿಕ ಸಮಾವೇಶಕ್ಕೆ ಹೋಗಿ ದೂರಪೂರ್ವಕ್ಕೆ 100 ಕೋಟಿ ಡಾಲರ್ ಸಾಲ ಘೋಷಿಸಿದರು. ಚೆನ್ನೈ-ವ್ಲಾಡಿವೋಸ್ಟಾಕ್ ಹಡಗು ಮಾರ್ಗದ ಮಾತು ಆಗ ಗಟ್ಟಿಯಾಯಿತು. ದಾರಿ ಸುಮಾರು 5,600 ನಾಟಿಕಲ್ ಮೈಲಿ, ಲೆಕ್ಕಕ್ಕೆ 24 ದಿನ. ಸೂಯೆಜ್ ದಾಟಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಲು 40 ದಿನ ಬೇಕು. ಕಲ್ಲಿದ್ದಲು, ತೈಲ, ಗೊಬ್ಬರ ಅಲ್ಲಿಂದ ಬರುವ ಸಾಮಾನು. ಭಾರತದಿಂದ ಹೋಗುವುದು ಅಷ್ಟಿಲ್ಲ ಅನ್ನುವುದೇ ನನಗೆ ಕಾಣುವ ತೊಡಕು. ಹಡಗು ಖಾಲಿ ಹೋದರೆ ಬಾಡಿಗೆ ಗಿಟ್ಟುವುದಿಲ್ಲ.

ಅಲ್ಲಿಯ ಜನ ತಮ್ಮನ್ನು ಏಷ್ಯಾದವರು ಅಂದುಕೊಳ್ಳುತ್ತಾರಾ?

ಇಲ್ಲ, ರಷ್ಯನ್ನರು ಅಂತಲೇ. ಮನೆ, ಮಾತು, ಚರ್ಚು ಎಲ್ಲ ರಷ್ಯಾದ್ದೇ. ಆದರೆ ರಜೆಗೆ ಹೋಗುವ ಊರು, ತಟ್ಟೆಯಲ್ಲಿನ ಊಟ, ಓಡಿಸುವ ಕಾರು ಎಲ್ಲ ಪೂರ್ವದ್ದು. ಮಾಸ್ಕೋ ನೋಡದವರು ಇಲ್ಲಿ ಬೇಕಾದಷ್ಟು ಸಿಗುತ್ತಾರೆ, ಚೀನಾ ನೋಡದವರು ಕಡಿಮೆ. ರಷ್ಯಾದ ಪಶ್ಚಿಮ ಭಾಗಕ್ಕೆ ಹೋಗುವಾಗ 'ಪಶ್ಚಿಮಕ್ಕೆ ಹೋಗ್ತೀನಿ' ಅನ್ನುತ್ತಾರೆ, ಬೇರೆ ದೇಶಕ್ಕೆ ಹೊರಟ ಹಾಗೆ.

ಅಲ್ಲಿ ಈಗ ಗಂಟೆ ಎಷ್ಟು?

ನಮ್ಮ ಗಡಿಯಾರಕ್ಕೆ ನಾಲ್ಕೂವರೆ ಗಂಟೆ ಸೇರಿಸಿ. ಮಾಸ್ಕೋಗಿಂತ ಏಳು ಗಂಟೆ ಮುಂದೆ. 2018ರ ಆಗಸ್ಟ್‌ವರೆಗೂ ಇಲ್ಲಿನ ರೈಲು ನಿಲ್ದಾಣದಲ್ಲಿ, ಟಿಕೆಟ್ಟಿನಲ್ಲಿ ಮಾಸ್ಕೋ ಸಮಯವೇ ಇರುತ್ತಿತ್ತು. ಹೊರಗೆ ಸಂಜೆಯಾಗಿರುತ್ತಿತ್ತು, ಒಳಗಿನ ಗಡಿಯಾರ ಇನ್ನೂ ಬೆಳಗ್ಗೆ ಅನ್ನುತ್ತಿತ್ತು. ಹುಲಿ ಗುಡ್ಡದ ಮೇಲಿನ ಫಿರಂಗಿ ಮಾತ್ರ ಊರಿನ ಸಮಯದ್ದು. ದಿನಾ ಮಧ್ಯಾಹ್ನ ಸರಿಯಾಗಿ 12ಕ್ಕೆ ಢಂ ಅನ್ನುತ್ತದೆ. ಬೆಂಗಳೂರಿನಲ್ಲಿ ಆಗ ಏಳೂವರೆ, ತಿಂಡಿಯ ಹೊತ್ತು. ಮಾಸ್ಕೋದಲ್ಲಿ ಬೆಳಗಿನ ಜಾವ ಐದು, ಅಲ್ಲಿ ಇನ್ನೂ ಯಾರೂ ಎದ್ದಿರುವುದಿಲ್ಲ.